ತೊಂಬತ್ತು ಗಂಟೆಗೆ ಯಾವ ಕಾದಂಬರಿ?

ಅಡಿಕೆ ಧಾರಣೆಯ ಬಗ್ಗೆ ಸುದ್ದಿ ಮಾಡಲು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಸುಲಿತದ ದಿನಗಳು. ಮನೆಯ ಮುಂದಿನ ಚಪ್ಪರದಡಿ ಹೆಂಗಸರು ಸಾಲಾಗಿ ಕುಳಿತು ಕಾಯಿ ಸುಲಿಯುತ್ತಿದ್ದರು. ಮನೆಯ ಯಜಮಾನರು ಧಾರಣೆ ಏರಿದ್ದು, ಇಳಿದಿದ್ದು ಎಲ್ಲ ಹೇಳಿ ಮುಗಿಸಿ ಒಳಗೆ ಹೋದ ಮೇಲೆ, ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಅವರ ಹೆಂಡತಿ, ಐವತ್ತರ ಆಸುಪಾಸಿನ ಗೃಹಿಣಿ, ಕತ್ತಿಯಿಂದ ಕಣ್ಣು ತೆಗೆಯದೆಯೇ ಕೇಳಿದರು: ‘ನೀವು ಪೇಪರಿನೋರಲ್ಲವೇನಪ್ಪ, ಒಂದು ಮಾತು ಹೇಳಿ. ಈ ಸುಗ್ಗಿ ಮುಗಿದ ಮೇಲೆ ರಾತ್ರಿ ಒಂದು ಗಂಟೆ ನನಗೆ ಅಂತ ಸಿಗ್ತದೆ. ಮೂರು ತಿಂಗಳು ಅಷ್ಟೆ. ಓದಿದ್ರೆ ಓದಿದಂಗಿರಬೇಕು, ಅಂಥ ಕಾದಂಬರಿ ಯಾವುದು? ಹೊತ್ತು ಕಳೆಯಾಕೆ ಟಿವಿ ಐತೆ.’

ನಾನು ಆ ಹೊತ್ತಿಗೆ ಬಾಯಿಗೆ ಬಂದ ನಾಲ್ಕು ಹೆಸರು ಹೇಳಿ ಬಸ್ಸು ಹತ್ತಿದೆ. ಸಂತೆಬೆನ್ನೂರು ದಾಟುವುದರೊಳಗೆ ನಾಚಿಕೆಯಾಯಿತು. ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳೆಂದರೆ ತೊಂಬತ್ತು ಗಂಟೆ. ಗಂಟೆಗೆ ಇಪ್ಪತ್ತೈದು ಪುಟ ಓದಿದರೂ ಎರಡು ಸಾವಿರದ ಇನ್ನೂರೈವತ್ತು ಪುಟ. ದೊಡ್ಡ ಕಾದಂಬರಿಯಾದರೆ ಮೂರು, ಸಣ್ಣವಾದರೆ ಹತ್ತು ಹನ್ನೆರಡು. ಇಡೀ ವರ್ಷಕ್ಕೆ ಅಷ್ಟೇ. ನಮ್ಮಲ್ಲಿ ಬಹಳ ಮಂದಿಗೆ ಓದಲು ಸಿಗುವ ಹೊತ್ತು ಇದಕ್ಕಿಂತ ಹೆಚ್ಚೇನಿಲ್ಲ. ಹಾಗಿರುವಾಗ ‘ಶ್ರೇಷ್ಠ ಕಾದಂಬರಿ’ ಎಂದು ಒಂದನ್ನು ಅವರ ಕೈಗಿಡುವುದು ಹೇಳಿದಷ್ಟು ಹಗುರದ ಕೆಲಸವಲ್ಲ. ಶ್ರೇಷ್ಠ ಎಂದರೆ ಏನು, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ.

ತೆರಿಗೆಯ ಪಟ್ಟಿಯಿಂದ ಬಂದ ಮಾತು

‘ಕ್ಲಾಸಿಕ್’ ಎಂಬ ಪದವನ್ನು ಈಗ ನಾವು ಸಿನಿಮಾಕ್ಕೂ ಮೋಟಾರ್ ಬೈಕಿಗೂ ಬಳಸುತ್ತೇವೆ. ಇದರ ಹುಟ್ಟು ಮಾತ್ರ ತಮಾಷೆಯಾಗಿದೆ. ಪ್ರಾಚೀನ ರೋಮಿನಲ್ಲಿ ಪ್ರಜೆಗಳನ್ನು ಅವರವರ ಆಸ್ತಿಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನ ವರ್ಗಕ್ಕೆ ಸೇರಿದವನು ‘ಕ್ಲಾಸಿಕಸ್’. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಆಲಸ್ ಗೆಲಿಯಸ್ ಎಂಬ ಬರಹಗಾರನ ಪುಸ್ತಕದಲ್ಲಿ ಈ ಮಾತು ಮೊದಲ ಬಾರಿಗೆ ಲೇಖಕರಿಗೆ ಅಂಟಿತು. ನಂಬಬಹುದಾದ ಲೇಖಕ ಮೇಲ್ವರ್ಗದವನು, ಉಳಿದವನು ಆಸ್ತಿಯಿಲ್ಲದವನು ಎಂಬ ಅರ್ಥದಲ್ಲಿ. ಅಂದರೆ ಸಾಹಿತ್ಯದ ಈ ದೊಡ್ಡ ಬಿರುದು ಕಂದಾಯ ಇಲಾಖೆಯಿಂದ ಎರವಲು ಬಂದದ್ದು! ಆ ಮೇಲ್ವರ್ಗದ ವಾಸನೆ ಇಂದಿಗೂ ಅದನ್ನು ಪೂರ್ತಿ ಬಿಟ್ಟಿಲ್ಲ ಎಂಬುದನ್ನು ಮುಂದೆ ನೋಡೋಣ.

ಕನ್ನಡದಲ್ಲಿ ಇದಕ್ಕೆ ‘ಅಭಿಜಾತ’ ಎನ್ನುತ್ತೇವೆ. ಆ ಪದದಲ್ಲೂ ಒಳ್ಳೆಯ ಕುಲದಲ್ಲಿ ಹುಟ್ಟಿದ್ದು ಎಂಬ ಅರ್ಥವೇ ಇದೆ. 2008ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಘೋಷಿಸಿತು. ಅಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬಂದದ್ದು ಭಾಷೆಯ ಮತ್ತು ಸಾಹಿತ್ಯದ ಪ್ರಾಚೀನತೆ. ಕಾದಂಬರಿಯ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಳೆಯದಾದ ಮಾತ್ರಕ್ಕೆ ಪುಸ್ತಕ ದೊಡ್ಡದಾಗದು.

ಹಾಗೆಯೇ, ದೊಡ್ಡದಾದ ಮಾತ್ರಕ್ಕೆ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಗದ್ಯ ಲೇಖಕರನ್ನು ನೆನೆಯುತ್ತದೆ: ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಆ ಕಾಲಕ್ಕೆ ಇವರು ಆದರ್ಶವಾಗಿದ್ದರು. ಇವರ ಒಂದೇ ಒಂದು ಪುಸ್ತಕ ನಮ್ಮ ಕೈಗೆ ಬಂದಿಲ್ಲ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಅದೃಷ್ಟ ಚೆನ್ನಾಗಿತ್ತು. ಓಲೆಗರಿಯಲ್ಲಿ ಹೇಗೋ ಉಳಿದುಕೊಂಡು, ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ 1949ರಲ್ಲಿ ಅಚ್ಚಾಗಿ ನಮ್ಮ ಮುಂದೆ ಬಂತು. ಒಂದು ಕೃತಿ ಕ್ಲಾಸಿಕ್ ಆಗಬೇಕಾದರೆ ಮೊದಲು ಅದು ಯಾರದಾದರೂ ಕಪಾಟಿನಲ್ಲಿ ಇರಬೇಕು. ಈ ಸಣ್ಣ ಸಂಗತಿಯನ್ನು ವಿಮರ್ಶಕರು ಅಷ್ಟಾಗಿ ಹೇಳುವುದಿಲ್ಲ.

ನೂರು ವರ್ಷದ ಗಡುವು

ಷೇಕ್ಸ್‌ಪಿಯರನ ನಾಟಕಗಳಿಗೆ 1765ರಲ್ಲಿ ಮುನ್ನುಡಿ ಬರೆದ ಡಾಕ್ಟರ್ ಜಾನ್ಸನ್, ಲೇಖಕನ ಯೋಗ್ಯತೆ ತಿಳಿಯಲು ಒಂದು ಶತಮಾನ ಕಾಯುವುದು ವಾಡಿಕೆ ಎಂಬ ಮಾತನ್ನು ಎತ್ತುತ್ತಾನೆ. ಬರೆದವನ ಸ್ನೇಹಿತರು, ಶತ್ರುಗಳು, ಅವನಿಂದ ಉಪಕಾರ ಪಡೆದವರು ಎಲ್ಲ ಸತ್ತ ಮೇಲೂ ಜನ ಓದುತ್ತಿದ್ದರೆ ಅದರಲ್ಲಿ ಏನೋ ಇದೆ ಎಂದು ಲೆಕ್ಕ. ಒಳ್ಳೆಯ ಲೆಕ್ಕವೇ. ಅಮೆರಿಕದ ಹರ್ಮನ್ ಮೆಲ್ವಿಲ್ 1851ರಲ್ಲಿ ‘ಮೊಬಿ ಡಿಕ್’ ಪ್ರಕಟಿಸಿದಾಗ ಅದು ಅಷ್ಟಾಗಿ ಮಾರಾಟವಾಗಲಿಲ್ಲ. 1891ರಲ್ಲಿ ಆತ ತೀರಿಕೊಂಡಾಗ ಹೆಚ್ಚುಕಡಿಮೆ ಮರೆತುಹೋದ ಲೇಖಕ. 1920ರ ದಶಕದಲ್ಲಿ ಓದುಗರು ಅದನ್ನು ಮತ್ತೆ ಕಂಡುಕೊಂಡರು. ಇಂದು ಅದಿಲ್ಲದ ಶ್ರೇಷ್ಠ ಕಾದಂಬರಿಗಳ ಪಟ್ಟಿ ಸಿಗುವುದು ಕಷ್ಟ.

ಕನ್ನಡ ಕಾದಂಬರಿಗೆ ಈ ಗಡುವು ಹಾಕಿದರೆ ನಮ್ಮ ಕೈಯಲ್ಲಿ ಉಳಿಯುವುದು ಕೆಲವೇ ಕೆಲವು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಪರೀಕ್ಷೆಗೆ ಬರೆಯುವ ಎಲ್ಲರಿಗೂ ಬಾಯಿಪಾಠ. ಪೊಲೀಸ್ ಅಧಿಕಾರಿಯೊಬ್ಬರು ಬಾಲವಿಧವೆಯ ಮರುಮದುವೆಯ ಬಗ್ಗೆ ಆ ಕಾಲದಲ್ಲಿ ಬರೆದರು ಎಂಬುದು ಸಾಮಾನ್ಯ ಧೈರ್ಯವಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಚನ್ನಗಿರಿಯ ಆ ಅಕ್ಕನಿಗೆ ನಾನು ಅದನ್ನು ಕೊಡಲಾರೆ. ಅದು ಇತಿಹಾಸದಲ್ಲಿ ಮೊದಲನೆಯದು. ಮೊದಲನೆಯದು ಬೇರೆ, ಶ್ರೇಷ್ಠವಾದದ್ದು ಬೇರೆ. ಪಠ್ಯಪುಸ್ತಕಗಳು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಶ್ರೇಷ್ಠ ಕೃತಿಗಳೆಂದರೆ ಬೇಸರದವು ಎಂಬ ಅಭಿಪ್ರಾಯವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿವೆ. ಡಿಪ್ಲೊಮಾ ಓದುವಾಗ ನಾನೂ ಆ ಅಭಿಪ್ರಾಯದವನೇ ಆಗಿದ್ದೆ.

ಅದೇ ಬಾಲವೈಧವ್ಯದ ವಸ್ತು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲೂ ಇದೆ. ಅದು 1976ರ ಕೃತಿ. ತೀರ್ಥಹಳ್ಳಿ ಸೀಮೆಯ ಲೇಖಕಿ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಕುಳಿತವರು. ತಮ್ಮ ಮನೆತನದಲ್ಲೇ ಬಾಳಿ ಹೋದ ಹಿರಿಯ ಹೆಂಗಸೊಬ್ಬರ ಕಥೆಯನ್ನು ತಾಯಿಯ ಬಾಯಿಂದ ಕೇಳಿ ಬರೆದರು. ಇಲ್ಲಿ ಭಾಷಣವಿಲ್ಲ. ಫಣಿಯಮ್ಮ ಯಾರ ಮೇಲೂ ಕೂಗಾಡುವುದಿಲ್ಲ. ಮನೆಗೆಲಸ, ಮಡಿ, ಹೆರಿಗೆ, ಸಾವು ಇವುಗಳ ನಡುವೆ ಓಡಾಡುತ್ತಾ ಆಕೆ ಎಲ್ಲವನ್ನೂ ನೋಡುತ್ತಾಳೆ. ನೋಡಿದ್ದನ್ನು ಮರೆಯುವುದಿಲ್ಲ. ಸಮಯ ಬಂದಾಗ ಇನ್ನೊಬ್ಬ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ಬಾಲವಿಧವೆಯರ ತಲೆ ಬೋಳಿಸುವ ಪದ್ಧತಿ ಹೋಗಿ ಎಷ್ಟೋ ಕಾಲವಾದ ಮೇಲೂ ಈ ಪುಸ್ತಕ ಓದಿಸಿಕೊಳ್ಳುತ್ತದೆ. ಸಮಸ್ಯೆ ಮುಗಿದ ಮೇಲೂ ಉಳಿಯುವುದು ಯಾವುದು ಎಂದು ನೋಡಿದರೆ ಕ್ಲಾಸಿಕ್‌ನ ಗುಟ್ಟು ಸ್ವಲ್ಪ ಸಿಗುತ್ತದೆ.

ಚೋಮನಿಗೆ ಬೇಕಾದದ್ದು

ಈ ಮಾತಿಗೆ ಇನ್ನೂ ಬಿಗಿಯಾದ ಉದಾಹರಣೆ ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಬಂದದ್ದು. ಅಂದರೆ ಜಾನ್ಸನ್ನನ ಗಡುವಿಗೆ ಇನ್ನು ಕೆಲವೇ ವರ್ಷ ಬಾಕಿ. ತೆಳ್ಳನೆಯ ಪುಸ್ತಕ, ಎರಡು ಮೂರು ರಾತ್ರಿಗೆ ಮುಗಿಯುತ್ತದೆ. ಚೋಮನಿಗೆ ಎರಡು ಎತ್ತುಗಳಿವೆ, ಉಳಲು ನೆಲವಿಲ್ಲ. ಅಸ್ಪೃಶ್ಯನಾದ ಅವನಿಗೆ ಬೇಸಾಯ ಮಾಡುವ ಹಕ್ಕಿಲ್ಲ ಎಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬೊಬ್ಬರಾಗಿ ಅವನ ಕೈ ತಪ್ಪುತ್ತಾರೆ. ಅವನಿಗೆ ಉಳಿಯುವುದು ದುಡಿ ಒಂದೇ.

1974ರ ಭೂಸುಧಾರಣೆ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಆ ಕಾಯಿದೆಯಿಂದ ಹೊಲ ಪಡೆದ ಮನೆಗಳಿವೆ, ಹೊಲ ಕಳೆದುಕೊಂಡ ಮನೆಗಳೂ ಇವೆ. ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೆ ಎರಡೂ ಕಡೆಯ ಕಥೆ ಕೇಳಬಹುದು. 2020ರಲ್ಲಿ ಮತ್ತೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶವಾಯಿತು. ‘ಚೋಮನ ದುಡಿ’ ಬರೀ ಗೇಣಿಯ ಸಮಸ್ಯೆಯ ಕಥೆಯಾಗಿದ್ದರೆ 1974ರಲ್ಲೇ ಅದರ ಕೆಲಸ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಕಾಯಿದೆ ಬಂದ ಮರುವರ್ಷವೇ, 1975ರಲ್ಲಿ, ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಜಗಳೂರಿನ ಕಡೆ ಕೂಲಿಗೆ ಹೋಗುವ ಯುವಕನೊಬ್ಬ, ಪಿಯುಸಿಗೆ ಓದು ನಿಲ್ಲಿಸಿದವನು, ಇದನ್ನು ಓದಿ ನನಗೆ ಹೇಳಿದ್ದು ಇಷ್ಟು: ‘ನಮ್ಮಪ್ಪನಿಗೂ ಎತ್ತು ಅದಾವೆ ಸಾರ್. ಬಾಡಿಗೆಗೆ ಹೊಡೀತಾನೆ.’ ಮುಂದೆ ಅವನು ಪುಸ್ತಕದ ಬಗ್ಗೆ ಮಾತನಾಡಲಿಲ್ಲ, ನಾನೂ ಕೆದಕಲಿಲ್ಲ.

ಕಾಲ ಬದಲಾದಾಗ ಹಳೆಯ ಪುಸ್ತಕದ ಬೇರೆ ಪುಟ ಎದ್ದು ಬರುವುದೂ ಉಂಟು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರದು. ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ನಡೆಯುವ ಕಥೆ. ಬೇಜವಾಬ್ದಾರಿಯ ಗಂಡ, ಬಾಯಿಬಡುಕಿ ಅತ್ತೆ, ಇವರ ನಡುವೆ ಶಾನುಭೋಗಿಕೆಯ ಲೆಕ್ಕ ಬರೆದು ಮನೆ ನಡೆಸುವ ನಂಜಮ್ಮ. ನನ್ನ ತಾಯಿಯ ತಲೆಮಾರಿನವರು ಇದನ್ನು ಗಟ್ಟಿಗಿತ್ತಿ ಸೊಸೆಯೊಬ್ಬಳ ಕಥೆಯೆಂದು ಓದಿದರು. ನಾನು ಮೊದಲು ಓದಿದಾಗಲೂ ಹಾಗೆಯೇ. 2020–21ರ ಕೊರೊನಾ ಕಾಲದ ನಂತರ ಮತ್ತೆ ತೆಗೆದೆ. ಪ್ಲೇಗಿನ ಅಧ್ಯಾಯಗಳನ್ನು ಒಂದೇ ಸಲಕ್ಕೆ ಓದಲಾಗಲಿಲ್ಲ. ಜನ ಊರು ಬಿಟ್ಟು ಗುಡಿಸಲು ಹಾಕಿಕೊಳ್ಳುವುದು, ಒಂದೇ ಮನೆಯಲ್ಲಿ ಒಂದರ ಮೇಲೊಂದು ಸಾವು, ಶವ ಹೊರಲು ಜನ ಸಿಗದಿರುವ ಭಯ, ಇವನ್ನು ಹಿಂದಿನ ಸಲ ನಾನು ಎಷ್ಟು ಬೇಗ ದಾಟಿ ಹೋಗಿದ್ದೆ ಎಂದು ಆಶ್ಚರ್ಯವಾಯಿತು. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಕಾರಂತರದ್ದೇ ‘ಬೆಟ್ಟದ ಜೀವ’ವನ್ನೂ ಇಲ್ಲಿ ಹೇಳಬೇಕು. 1943ರಲ್ಲಿ ಬಂದ ಕಾದಂಬರಿ. ಸುಬ್ರಹ್ಮಣ್ಯದ ಹತ್ತಿರದ ಕಾಡಿನಲ್ಲಿ ತೋಟ ಮಾಡಿಕೊಂಡಿರುವ ಗೋಪಾಲಯ್ಯ, ಶಂಕರಿ ಎಂಬ ವೃದ್ಧ ದಂಪತಿ. ಮನೆ ಬಿಟ್ಟು ಹೋದ ಮಗ ಬಂದಾನು ಎಂದು ಕಾಯುವುದು. ಕಥೆಯೆಂದರೆ ಅಷ್ಟೇ. ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ತೋಟ, ಗದ್ದೆ ನೋಡಿಕೊಂಡು ಇಬ್ಬರೇ ಇರುವ ಮುದುಕರ ಮನೆಗಳನ್ನು ಲೆಕ್ಕ ಹಾಕಿ. ಮಕ್ಕಳು ಬೆಂಗಳೂರಿನಲ್ಲಿ. ಫೋನ್ ಬರುತ್ತದೆ, ಹಬ್ಬಕ್ಕೆ ಕಾರೂ ಬರುತ್ತದೆ. ಗೋಪಾಲಯ್ಯನ ಮನೆಯ ಸಂಜೆಯ ಮೌನ ಆ ಮನೆಗಳಲ್ಲಿ ಹಾಗೆಯೇ ಇದೆ.

ದುರ್ಗದ ಕಡೆಯವರು, ಸಂತೆಬೆನ್ನೂರಿನ ಕಡೆಯವರು

ನಮ್ಮ ಜಿಲ್ಲೆಯೇ ಒಂದು ಜೋಡಿಸಿದ ಬಟ್ಟೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಓದಿನಲ್ಲೂ ಆ ಹೊಲಿಗೆ ಕಾಣುತ್ತದೆ. ಜಗಳೂರಿನಲ್ಲಿ ಹಳೆಯ ಓದುಗರನ್ನು ಕೇಳಿದರೆ ಮೊದಲು ಬರುವ ಹೆಸರು ತ.ರಾ.ಸು. ಹೊನ್ನಾಳಿ, ಚನ್ನಗಿರಿ ಕಡೆ ಕುವೆಂಪು.

ತ.ರಾ. ಸುಬ್ಬರಾಯರು ಹುಟ್ಟಿದ್ದು 1920ರಲ್ಲಿ, ಹರಿಹರದ ಹತ್ತಿರದ ಮಲೇಬೆನ್ನೂರಿನಲ್ಲಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಒಂದು ಆಯುಷ್ಯದುದ್ದಕ್ಕೂ ಬರೆದರು. 1984ರಲ್ಲಿ ತೀರಿಕೊಂಡರು. ಮರುವರ್ಷ ‘ದುರ್ಗಾಸ್ತಮಾನ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೈದರಾಲಿಗೆ 1779ರಲ್ಲಿ ದುರ್ಗ ಬಿದ್ದದ್ದನ್ನು ಈ ಭಾಗದ ಜನ ಶಾಲೆಯ ಪಾಠಕ್ಕಿಂತ ಹೆಚ್ಚಾಗಿ ಈ ಪುಸ್ತಕದಿಂದಲೇ ಬಲ್ಲರು ಎಂದರೆ ತಪ್ಪಾಗಲಾರದು.

ಈಗ ಒಂದು ಸ್ವಾರಸ್ಯ ಗಮನಿಸಿ. ದುರ್ಗದ ನಾಯಕರಿಗೂ ಸಂತೆಬೆನ್ನೂರು–ಬಸವಾಪಟ್ಟಣದ ನಾಯಕರಿಗೂ ತಲೆಮಾರುಗಳ ಹಗೆ. ಮಾಯಕೊಂಡ, ಸಂತೆಬೆನ್ನೂರು, ಅಣಜಿ, ಜಗಳೂರು ಎಲ್ಲ ಆ ಜಗಳದಲ್ಲಿ ಕೈಯಿಂದ ಕೈಗೆ ಹೋದ ಊರುಗಳು. ತ.ರಾ.ಸು. ನಿಂತು ನೋಡುವುದು ದುರ್ಗದ ಕೋಟೆಯ ಮೇಲಿನಿಂದ. ಜಗಳೂರಿನ ಓದುಗನಿಗೆ ಅದು ತನ್ನದೇ ಕಥೆ. ಹನುಮಪ್ಪನಾಯಕನ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು ಅದೇ ಸಾಲಿನ ಕಾದಂಬರಿಗಳನ್ನು ಓದುವ ಸಂತೆಬೆನ್ನೂರಿನ ಹುಡುಗ, ಶತ್ರುಪಾಳೆಯದಲ್ಲಿ ಕುಳಿತು ಓದುತ್ತಿರುತ್ತಾನೆ! ಅವನಿಗೂ ಕೊನೆಗೆ ದುರ್ಗ ಬಿದ್ದಾಗ ಗಂಟಲು ಕಟ್ಟುತ್ತದೆಯೇ? ಕಟ್ಟಿದರೆ ಆ ಕಾದಂಬರಿ ಊರಭಿಮಾನಕ್ಕಿಂತ ದೊಡ್ಡದು. ಕಟ್ಟದಿದ್ದರೆ ಅದು ನಮ್ಮವರ ಹೊಗಳಿಕೆ ಮಾತ್ರ. ನಾನು ಕೇಳಿದ ಮೂವರಲ್ಲಿ ಇಬ್ಬರು ಅತ್ತಿದ್ದೇವೆ ಎಂದರು. ಮೂರನೆಯವರು ಒಬ್ಬ ನಿವೃತ್ತ ಮೇಷ್ಟ್ರು. ‘ಯುದ್ಧದ ಭಾಗ ಉದ್ದ ಆಯ್ತು, ಹಂಸಗೀತೆ ಅದಕ್ಕಿಂತ ಮೇಲು’ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 1952ರ ‘ಹಂಸಗೀತೆ’ಯಲ್ಲಿ ರಾಜ್ಯವೂ ಇಲ್ಲ, ಕೋಟೆಯೂ ಇಲ್ಲ. ಒಬ್ಬ ಹಾಡುಗಾರ, ಅವನ ಹಟ, ಅವನ ಸಂಗೀತ. ನನ್ನ ಮತವೂ ಅದಕ್ಕೇ.

ಜಗಳೂರಿನಿಂದ ಉತ್ತರಕ್ಕೆ ಹೋದರೆ ಕೊಟ್ಟೂರು. ಅದು ಕುಂ. ವೀರಭದ್ರಪ್ಪನವರ ಊರು. ಅವರ ‘ಅರಮನೆ’ಗೆ 2007ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಬಯಲುಸೀಮೆಯ ಜನ ಬೈಯುವುದು, ಹರಕೆ ಹೊರುವುದು, ದೇವರನ್ನು ತಮಾಷೆ ಮಾಡುವುದು ಹೇಗೋ ಹಾಗೆಯೇ ಆ ಗದ್ಯ. ಮಲೆನಾಡಿನ ಕಡೆಯವರಿಗೆ ಮೊದಲ ಐವತ್ತು ಪುಟ ಉಸಿರು ಕಟ್ಟುತ್ತದೆ, ಜಗಳೂರಿನವರಿಗೆ ಮನೆಯಂಗಳದ ಮಾತು.

ಹೊನ್ನಾಳಿಯವರು ತಮ್ಮ ಊರಿನಲ್ಲೇ ಹುಟ್ಟಿದ ಒಬ್ಬ ಕಾದಂಬರಿಕಾರರನ್ನು ಇನ್ನಷ್ಟು ನೆನೆಯಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಎಚ್. ತಿಪ್ಪೇರುದ್ರಸ್ವಾಮಿ (1928–1994). ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರೆಂದು ಹೆಸರು. ಆದರೆ ಅಕ್ಕಮಹಾದೇವಿಯನ್ನು ಕುರಿತ ‘ಕದಳಿಯ ಕರ್ಪೂರ’, ಅಲ್ಲಮನನ್ನು ಕುರಿತ ‘ಪರಿಪೂರ್ಣದೆಡೆಗೆ’, ಬಸವಣ್ಣನನ್ನು ಕುರಿತ ‘ಕರ್ತಾರನ ಕಮ್ಮಟ’ ಅವರ ಕಾದಂಬರಿಗಳು. ಅಕ್ಕನ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಪಕ್ಕದ ಶಿಕಾರಿಪುರ ತಾಲ್ಲೂಕಿನವು. ತಮ್ಮ ನೆರೆಯ ಊರಿನವರ ಬಗ್ಗೆ ಬರೆದರು ಎಂದೇ ಹೇಳಬಹುದು. ಇವು ಕ್ಲಾಸಿಕ್‌ಗಳೇ? ‘ಕದಳಿಯ ಕರ್ಪೂರ’ವನ್ನು ವಚನಗಳ ಪಕ್ಕದಲ್ಲಿಟ್ಟು ಓದಿದರೆ ವಚನಗಳೇ ಗೆಲ್ಲುತ್ತವೆ. ಆದರೆ ವಚನ ಎಂದರೆ ಹೆದರುವ ಹುಡುಗಿಗೆ ಅಕ್ಕನ ಬಾಗಿಲು ತೆರೆಯುವ ಪುಸ್ತಕ ಇದು. ಬಾಗಿಲು ತೆರೆಯುವ ಪುಸ್ತಕಗಳಿಗೂ ಪಟ್ಟಿಯಲ್ಲಿ ಒಂದು ಜಾಗ ಬೇಡವೇ?

ಪಟ್ಟಿಯ ಹೊರಗೆ ಉಳಿದವರು

ಮೇಲ್ವರ್ಗದ ವಾಸನೆ ಎಂದು ಆಗಲೇ ಹೇಳಿದ್ದೆ. ‘ಕನ್ನಡದ ಹತ್ತು ಶ್ರೇಷ್ಠ ಕಾದಂಬರಿಗಳು’ ಎಂಬ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಕಾರಂತ, ಕುವೆಂಪು, ಮಾಸ್ತಿ, ದೇವುಡು, ಭೈರಪ್ಪ, ಅನಂತಮೂರ್ತಿ, ತೇಜಸ್ವಿ. ಎಲ್ಲರೂ ಯೋಗ್ಯರೇ. ಹತ್ತರಲ್ಲಿ ಹೆಂಗಸರ ಹೆಸರು ಬಂದರೆ ಒಂದು. ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲೇ ತೀರಿಕೊಂಡರು. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಇವು ಹೆಂಗಸಿನ ಮನಸ್ಸಿನ ಕಾಯಿಲೆಯನ್ನು ದೆವ್ವ, ಗ್ರಹಚಾರ ಎನ್ನದೆ ನೋಡಿದವು. ಅವರನ್ನು ‘ಜನಪ್ರಿಯ ಲೇಖಕಿ’ ಎಂಬ ಖಾನೆಗೆ ಹಾಕಿ ಸುಮ್ಮನಾದದ್ದು ವಿಮರ್ಶೆಯ ಅವಸರ ಎಂದೇ ನನ್ನ ಅಭಿಪ್ರಾಯ. ಹೆಣ್ಣುಮಕ್ಕಳು ಅರವತ್ತು ವರ್ಷ ಕೈಯಿಂದ ಕೈಗೆ ದಾಟಿಸಿ ಉಳಿಸಿದ ಪುಸ್ತಕಕ್ಕೆ ಬೇರೆ ಪ್ರಮಾಣಪತ್ರ ಏಕೆ ಬೇಕು?

ಪ್ರಶಸ್ತಿಯನ್ನೂ ಅಳತೆಗೋಲು ಮಾಡುವಂತಿಲ್ಲ. ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದೇ 1954ರಲ್ಲಿ. ‘ಚೋಮನ ದುಡಿ’, ‘ಕಾನೂರು ಹೆಗ್ಗಡಿತಿ’, ‘ಬೆಟ್ಟದ ಜೀವ’ ಅದಕ್ಕೂ ಹಿಂದಿನವು.

ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಅದರ ಭಾಷೆ ಅರ್ಥವಾಗುವುದಿಲ್ಲ ಎಂದು ದೂರಿದವರೇ ಹೆಚ್ಚು. ನಂಜನಗೂಡು ಸೀಮೆಯ ದಲಿತರ ಆಡುಮಾತು ಅದು. ಮನಸ್ಸಿನಲ್ಲೇ ಓದಿದರೆ ಎಡವುತ್ತೀರಿ. ಗಟ್ಟಿಯಾಗಿ ಓದಿ, ಅಥವಾ ಯಾರಾದರೂ ಓದುವುದನ್ನು ಕೇಳಿ, ಆಗ ಬಿಚ್ಚಿಕೊಳ್ಳುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ಜಯಂತಿಗೆ ದೇಶದ ಮೂಲೆಮೂಲೆಯಿಂದ ಬಂಜಾರರು ಬರುತ್ತಾರೆ. ಅಲ್ಲಿ ಕೇಳುವ ಹಾಡುಗಳಲ್ಲಿ ವಲಸೆಯ, ಎತ್ತಿನ ಹಿಂಡಿನ, ಉಪ್ಪಿನ ವ್ಯಾಪಾರದ ಕಥೆಗಳಿವೆ. ಕಾದಂಬರಿಗಳ ಪಟ್ಟಿ ಓದುತ್ತಾ ಹೋದರೆ ತಾಂಡಾಗಳ ಬದುಕು ಎಲ್ಲಿಯೂ ಎದುರಾಗುವುದಿಲ್ಲ.

ಇನ್ನು ಆಯ್ಕೆ ಹೇಗೆ?

ಪಟ್ಟಿ ಬೇಕು ಎನ್ನುವವರಿಗೆ ನಾನು ಗ್ರಂಥಾಲಯದ ದಾರಿ ತೋರಿಸುತ್ತೇನೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಕಟ್ಟಿದ ಮೇಲೆ ಬಳಸಬೇಕಲ್ಲ! ಹಳೆಯ ಪುಸ್ತಕವಾದರೆ ಹಿಂಬದಿಗೆ ಅಂಟಿಸಿದ ತಾರೀಖಿನ ಚೀಟಿ ನೋಡಿ. ಬೆನ್ನು ಬಿಚ್ಚಿ, ಮತ್ತೆ ಹೊಲಿಸಿ, ಚೀಟಿಯ ಮೇಲೆ ಚೀಟಿ ಅಂಟಿಸಿದ ಪುಸ್ತಕ ಸಿಕ್ಕರೆ ಅನುಮಾನಿಸದೆ ತೆಗೆದುಕೊಳ್ಳಿ. ಅಪರಿಚಿತರು ಬರೆದುಕೊಟ್ಟ ಶಿಫಾರಸು ಅದು.

ಒಂದೇ ಒಂದು ಬಿದ್ದ ಪುಟಕ್ಕಾಗಿ ಒಳ್ಳೆಯ ಪುಸ್ತಕ ಕೈಬಿಡಬೇಕಾದ ಪ್ರಸಂಗವೂ ಇದೆ. ಆಗ ಮರುಮುದ್ರಣ ಹುಡುಕಬೇಕು. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ತ್ರಿವೇಣಿಯವರ ಕೃತಿಗಳ ಆ ಅವಧಿ 2023ರ ಕೊನೆಗೆ ಮುಗಿಯಿತು. ಕಾರಂತರದ್ದು, ಕುವೆಂಪು ಅವರದ್ದು ಮುಗಿಯಲು ಇನ್ನೂ ದಶಕಗಳಿವೆ.

ಮೊದಲ ಸಲ ಓದುವವರು ದಪ್ಪ ಪುಸ್ತಕದಿಂದ ಶುರುಮಾಡಬೇಕಿಲ್ಲ. ‘ಬೆಟ್ಟದ ಜೀವ’, ತೇಜಸ್ವಿಯವರ ‘ಕರ್ವಾಲೊ’, ‘ಫಣಿಯಮ್ಮ’ ಇವು ಯಾರನ್ನೂ ಹೆದರಿಸುವುದಿಲ್ಲ. ಮೂವತ್ತು ಪುಟಕ್ಕೆ ಹಿಡಿಸದಿದ್ದರೆ ಕೆಳಗಿಡಿ, ಅಪರಾಧವೇನಲ್ಲ. ಆದರೆ ಎರಡು ವರ್ಷ ಬಿಟ್ಟು ಮತ್ತೊಮ್ಮೆ ಎತ್ತಿಕೊಳ್ಳಿ. ಹೊರಗಿನದು ಬೇಕಾದರೆ ಟಾಲ್‌ಸ್ಟಾಯ್‌ನ ದೊಡ್ಡ ಕಾದಂಬರಿಗಳನ್ನು ದೇ. ಜವರೇಗೌಡರು, ಗಾರ್ಕಿಯ ‘ತಾಯಿ’ಯನ್ನು ನಿರಂಜನ ಕನ್ನಡಕ್ಕೆ ತಂದಿದ್ದಾರೆ.

‘ಮಲೆಗಳಲ್ಲಿ ಮದುಮಗಳು’ ಹೇಳದೆ ಮುಗಿಸುವಂತಿಲ್ಲ. 1967ರಲ್ಲಿ ಬಂದ, ಏಳುನೂರು ಪುಟದ ಹತ್ತಿರದ ಕಾದಂಬರಿ. ನಾಯಕ ಯಾರು, ನಾಯಕಿ ಯಾರು ಎಂದು ಹುಡುಕುತ್ತಾ ಹೋದವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು, ಅದರಲ್ಲಿ ಗೌಡರು, ಹೊಲೆಯರು, ಬೆಟ್ಟಳ್ಳಿ, ಕೋಣೂರು, ನಾಯಿ, ಹಂದಿ, ಮಳೆ ಎಲ್ಲಕ್ಕೂ ಸಮನಾದ ಗಮನ. 2010ರಲ್ಲಿ ಮೈಸೂರಿನಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ಇಡೀ ರಾತ್ರಿಯ ನಾಟಕ ಮಾಡಿದಾಗ, ಪುಸ್ತಕ ಮುಗಿಸಲಾಗದವರೂ ಬೆಳಗಿನವರೆಗೆ ಕುಳಿತು ನೋಡಿದರು.

ಸುಗ್ಗಿ ಮುಗಿದು ಎರಡು ತಿಂಗಳ ಮೇಲೆ ಚನ್ನಗಿರಿಯ ಆ ಮನೆಗೆ ಮತ್ತೆ ಹೋದೆ. ಮೊದಲ ಸಲ ಅವಸರದಲ್ಲಿ ಹೇಳಿದ ನಾಲ್ಕು ಹೆಸರುಗಳಲ್ಲಿ ಅವರು ಹಿಡಿದದ್ದು ಇದನ್ನೇ. ಅರವತ್ತನೆಯ ಪುಟಕ್ಕೆ ಹೆಸರುಗಳು ಗೋಜಲಾಗಿ ಬದಿಗಿಟ್ಟಿದ್ದರಂತೆ. ಆಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಯಾರು ಯಾವ ಮನೆಯವರು, ಯಾರಿಗೆ ಯಾರು ಏನಾಗಬೇಕು ಎಂದು ಬರೆದುಕೊಳ್ಳುತ್ತಾ ಮೊದಲಿಂದ ಶುರುಮಾಡಿದರು. ಆ ಹಾಳೆ ಅಡುಗೆಮನೆಯ ಗೋಡೆಗೆ ತೂಗುಹಾಕಿತ್ತು. ಐತ, ಪೀಂಚಲು ಒಂದೇ ಗೆರೆಯಲ್ಲಿ, ಗುತ್ತಿ, ತಿಮ್ಮಿ ಇನ್ನೊಂದು ಗೆರೆಯಲ್ಲಿ, ಮುಕುಂದಯ್ಯ, ಚಿನ್ನಮ್ಮರ ಸುತ್ತ ಒಂದು ಬಳೆ.

‘ಇನ್ನೂ ನೂರೈವತ್ತು ಪುಟ ಐತೆ’ ಎಂದು ಕಾಫಿ ಲೋಟ ಮುಂದಿಟ್ಟರು. ಆಮೇಲೆ ದನಿ ತಗ್ಗಿಸಿ, ‘ಗುತ್ತಿ ನಾಯಿ ಐತಲ್ಲ, ಹುಲಿಯ, ಅದು ಕೊನೆಗೆ ಉಳೀತದಾ?’ ಎಂದು ಕೇಳಿದರು.

ನಾನು ಹೇಳಲಿಲ್ಲ.